ಕುಕ್ಕರಹಳ್ಳಿಯೋ, ಕಾರಂಜಿಯೋ, ಬೆಟ್ಟವೋ? ಮೈಸೂರಲ್ಲಿ ನಮ್ಮ ಮನೆಯ ವಾಕಿಂಗ್ ಜಗಳ

ನಮ್ಮ ಮನೆಯಲ್ಲಿ ಭಾನುವಾರ ಬೆಳಿಗ್ಗೆ ಕಾಫಿಗಿಂತ ಮೊದಲು ಶುರುವಾಗುವುದು ಜಗಳ. ಎಲ್ಲಿಗೆ ಹೋಗೋಣ? ಇವರಿಗೆ ಚಾಮುಂಡಿ ಬೆಟ್ಟ. ಅತ್ತೆಗೆ ಕಾರಂಜಿ ಕೆರೆ. ನನಗೆ ಕುಕ್ಕರಹಳ್ಳಿ. ಮಗಳಿಗೆ ಎಲ್ಲಿ ಐಸ್‌ಕ್ರೀಂ ಸಿಗುತ್ತೋ ಅಲ್ಲಿ. ಕೊನೆಗೆ ಒಂದು ಒಪ್ಪಂದಕ್ಕೆ ಬಂದೆವು. ಒಬ್ಬೊಬ್ಬರು ಹೇಳಿದ ಜಾಗಕ್ಕೂ ಎಲ್ಲರೂ ಮೂರು ಮೂರು ಸಲ ಹೋಗೋದು, ಆಮೇಲೆ ಮಾತಾಡೋದು. ಮಧ್ಯೆ ಲಿಂಗಾಂಬುಧಿ ಕೆರೆಯೂ ಸೇರಿಕೊಂಡಿತು. ನಾವಿರುವುದು ಕುವೆಂಪುನಗರ, ಅದೂ ಹತ್ತಿರವೇ ಅಲ್ವಾ.

ಮೊದಲು ನನ್ನ ಪಾರ್ಟಿ. ಕುಕ್ಕರಹಳ್ಳಿ ಕೆರೆಯನ್ನು ಮುಮ್ಮಡಿ ಕೃಷ್ಣರಾಜ ಒಡೆಯರು 1864ರಲ್ಲಿ ಊರಾಚೆಯ ಹೊಲಗದ್ದೆಗಳಿಗೆ ನೀರು ಬೇಕೆಂದು ಕಟ್ಟಿಸಿದ್ದು. ಈಗ ಗದ್ದೆ ಎಲ್ಲಿದೆ! ಕೆರೆಯ ಪಕ್ಕಕ್ಕೇ ಮೈಸೂರು ವಿಶ್ವವಿದ್ಯಾನಿಲಯದ ಕ್ಯಾಂಪಸ್ ಮಾನಸ ಗಂಗೋತ್ರಿ ಬಂದಿದೆ. ಆ ಹೆಸರಿಟ್ಟ ಕುವೆಂಪು ಅವರೂ ಇದೇ ಏರಿಯ ಮೇಲೆ ಓಡಾಡಿದವರು. ಸುತ್ತು ನಾಲ್ಕು ಕಿಲೋಮೀಟರಿಗಿಂತ ಸ್ವಲ್ಪ ಜಾಸ್ತಿ. ಮಣ್ಣಿನ ದಾರಿ, ದೊಡ್ಡ ಮರಗಳ ನೆರಳು. ನಾನು ಹೋದಾಗ ಯಾರೂ ಟಿಕೆಟ್ ಕೇಳಿಲ್ಲ.

ಇಲ್ಲಿ ನನ್ನನ್ನು ಹಿಡಿದು ನಿಲ್ಲಿಸುವುದು ಹಾವಕ್ಕಿ. ಮೊದಲ ಸಲ ನೋಡಿದಾಗ ನೀರಲ್ಲಿ ಹಾವೇ ಹೋಗ್ತಿದೆ ಅಂದುಕೊಂಡಿದ್ದೆ. ಮೈಯೆಲ್ಲ ನೀರೊಳಗೆ, ಕತ್ತು ಮಾತ್ರ ಮೇಲೆ. ಸ್ವಲ್ಪ ಹೊತ್ತಿಗೆ ಒಂದು ಒಣಕೊಂಬೆ ಏರಿ, ರೆಕ್ಕೆ ಎರಡನ್ನೂ ಅಗಲಿಸಿ ಕೂತಿತು, ಹಗ್ಗದ ಮೇಲೆ ಪಂಚೆ ಒಣಹಾಕಿದ ಹಾಗೆ. ಬಾತುಕೋಳಿಯ ಗರಿಯಿಂದ ನೀರು ಜಾರಿಹೋಗುತ್ತದೆ, ಹಾವಕ್ಕಿಯ ಗರಿ ಹಾಗಲ್ಲ, ನೆನೆಯುತ್ತದೆ. ನೆನೆದು ಭಾರವಾಗುವುದರಿಂದಲೇ ಸಲೀಸಾಗಿ ಮುಳುಗಿ ಮೀನು ಹಿಡಿಯುತ್ತದೆ. ಆದರೆ ಮೇಲೆ ಬಂದ ಮೇಲೆ ಬಿಸಿಲಿಗೆ ಕೂರಲೇಬೇಕು. ಅದು ರೆಕ್ಕೆ ಮಡಚುವವರೆಗೂ ನಾನೂ ನಿಂತೆ. ಅಲ್ಲಿಗೆ ವಾಕಿಂಗ್ ಮುಗಿಯಿತು ಅನ್ನಿ. ಹೆಜ್ಜಾರ್ಲೆಯೂ, ಅಂದರೆ ಪೆಲಿಕನ್, ಇಲ್ಲಿ ಧಾರಾಳ. ರಂಗನತಿಟ್ಟಿನಲ್ಲಿ ದುಡ್ಡು ಕೊಟ್ಟು ದೋಣಿ ಹತ್ತಿ ನೋಡುವ ಹಕ್ಕಿ ಇಲ್ಲಿ ಸುಮ್ನೆ ಕಾಣುತ್ತದೆ.

ಇಷ್ಟೆಲ್ಲ ಹೊಗಳಿದ ಮೇಲೆ ನನ್ನ ಪಾರ್ಟಿ ಸೋತ ಕಥೆಯನ್ನೂ ಹೇಳಬೇಕು. ಎರಡನೇ ಸಲ ಹೋದಾಗ ಅತ್ತೆ ಹುಮ್ಮಸ್ಸಿನಲ್ಲಿ ಅರ್ಧ ಕೆರೆ ಸುತ್ತಿಬಿಟ್ಟರು. ಆಮೇಲೆ ಮಂಡಿ ಹಿಡಿದುಕೊಂಡಿತು. ಕೆರೆಯ ಕಷ್ಟ ಗೊತ್ತಾಗಿದ್ದೇ ಆಗ. ಅರ್ಧಕ್ಕೆ ಬಂದ ಮೇಲೆ ಮುಂದೆ ಹೋದರೂ ಅಷ್ಟೇ ದೂರ, ಹಿಂದೆ ಬಂದರೂ ಅಷ್ಟೇ ದೂರ.

"ಅತ್ತೆ, ಇಲ್ಲೇ ಕೂತ್ಕೊಳ್ಳಿ, ಇವರು ಗಾಡಿ ತರ್ತಾರೆ" ಅಂದೆ.

"ಕೆರೆ ಒಳಗಿಂದ ತರ್ತಾನಾ?" ಅಂದರು.

ಕೊನೆಗೆ ಇವರು ವಾಪಸ್ ನಡೆದು ಸ್ಕೂಟರ್ ತೆಗೆದುಕೊಂಡು ಇನ್ನೊಂದು ಕಡೆಯ ಗೇಟಿಗೆ ಬಂದರು. ನಾವು ಅತ್ತೆಯನ್ನು ಕೂರಿಸಿ, ನಡೆಸಿ, ಮತ್ತೆ ಕೂರಿಸಿ ಅಲ್ಲಿಗೆ ಮುಟ್ಟಿಸುವಷ್ಟರಲ್ಲಿ ಒಂದು ಗಂಟೆ. ಆ ದಿನದಿಂದ ಯಾವ ಜಾಗಕ್ಕೆ ಹೋದರೂ ನಾನು ಮೊದಲು ನೋಡುವುದು ಒಂದೇ: ಸುಸ್ತಾದರೆ ಇಲ್ಲಿಂದ ಹೊರಗೆ ಹೋಗೋದು ಹೇಗೆ? ಅಂದ ಚೆಂದ ಆಮೇಲೆ.

ಈ ಲೆಕ್ಕದಲ್ಲಿ ಕಾರಂಜಿ ಕೆರೆಗೆ ನೂರಕ್ಕೆ ನೂರು. ಝೂ ಪಕ್ಕದಲ್ಲೇ ಇದೆ, ನೋಡಿಕೊಳ್ಳುವುದೂ ಝೂನವರೇ. ದಾರಿ ಸಮತಟ್ಟು, ಕೂರಲು ಬೆಂಚು ಸಿಗುತ್ತದೆ. ನಡೆದಷ್ಟು ನಡೆದು ಬಂದ ದಾರಿಯಲ್ಲೇ ತಿರುಗಿದರೆ ಯಾರೂ ಸೋತರು ಅನ್ನುವುದಿಲ್ಲ. ಅಲ್ಲಿಗೆ ಬರುವವರು ಯಾರೂ ಸುತ್ತು ಎಣಿಸುವುದಿಲ್ಲ. ದೋಣಿ ಇದೆ, ಚಿಟ್ಟೆ ಪಾರ್ಕ್ ಇದೆ, ಒಳಗೇ ನಡೆದು ಹೋಗುವಂಥ ದೊಡ್ಡ ಪಕ್ಷಿಮನೆ ಇದೆ. ಪಕ್ಷಿಮನೆಯಲ್ಲಿ ನವಿಲೊಂದು ಅತ್ತೆಯ ಸೀರೆ ಸೆರಗಿನ ಹತ್ತಿರವೇ ಹಾದುಹೋಯಿತು. ಅವರು ಉಸಿರು ಬಿಗಿಹಿಡಿದು ನಿಂತಿದ್ದನ್ನು ನೋಡಬೇಕಿತ್ತು. ಮನೆಗೆ ಬಂದು ತಂಗಿಗೆ ಫೋನ್ ಮಾಡಿ ಹೇಳುವಾಗ ಆ ನವಿಲು ಎರಡು ಆಗಿತ್ತು. ಮುಂದಿನ ವಾರ ಮೂರಾಯಿತು.

ಆದರೆ ದಿನಾ ನಡೆಯುವವರಿಗೆ ಕಾರಂಜಿ ಆಗುವುದಿಲ್ಲ. ಟಿಕೆಟ್ ತಗೊಂಡು ಒಳಗೆ ಹೋಗುವ ಹೊತ್ತು ಬೆಳಿಗ್ಗೆ ಎಂಟೂವರೆ. ಅಷ್ಟೊತ್ತಿಗೆ ನಾನು ಕುಕ್ಕರಹಳ್ಳಿ ಸುತ್ತಿ, ಸ್ನಾನ ಮಾಡಿ, ಮಗಳ ಡಬ್ಬಿಗೆ ಚಿತ್ರಾನ್ನ ಕಲಸಿರುತ್ತೇನೆ. ಮಂಗಳವಾರ ಪೂರ್ತಿ ರಜೆ. ರಜಾದಿನಗಳಲ್ಲಿ ಝೂಗೆ ಬಂದ ಜನರೆಲ್ಲ ಮಧ್ಯಾಹ್ನ ಇತ್ತ ತಿರುಗುತ್ತಾರೆ. ಮಕ್ಕಳ ಕಿರುಚಾಟದಲ್ಲಿ ಹಕ್ಕಿಗಳು ಎದ್ದು ನಡುಗಡ್ಡೆ ಸೇರಿಕೊಳ್ಳುತ್ತವೆ. ಊರಿಂದ ನೆಂಟರು ಬಂದಾಗ ಕರೆದುಕೊಂಡು ಹೋಗಲು ಇದಕ್ಕಿಂತ ಒಳ್ಳೆಯ ಜಾಗ ಇಲ್ಲ. ವಾಕಿಂಗ್ ಶೂ ಹಾಕಿಕೊಂಡು ಹೋದರೆ ಮಾತ್ರ ನಿಮಗೇ ಒಂಥರಾ ಅನ್ನಿಸುತ್ತದೆ.

ಬೆಟ್ಟ? ಇವರ ಪ್ರಕಾರ ಬೆಟ್ಟ ಹತ್ತದ ವಾಕಿಂಗ್ ವಾಕಿಂಗೇ ಅಲ್ಲ. ಮೆಟ್ಟಿಲು ಸಾವಿರದ ಒಂದು ಅಂತ ಕೆಲವರು, ಸಾವಿರದ ಎಂಟು ಅಂತ ಕೆಲವರು. ಮಗಳು ಎಣಿಸಿಯೇ ತೀರುತ್ತೇನೆ ಅಂತ ಹೊರಟಳು. 340ರ ಹತ್ತಿರ ಒಂದು ಮಂಗ ಬಿಸ್ಕತ್ ಪೊಟ್ಟಣಕ್ಕೆ ಕೈ ಹಾಕಿತು, ಲೆಕ್ಕ ಅಲ್ಲಿಗೇ ತಪ್ಪಿತು. ಮೆಟ್ಟಿಲು ಕಟ್ಟಿಸಿದ್ದು ದೊಡ್ಡ ದೇವರಾಜ ಒಡೆಯರು, 17ನೇ ಶತಮಾನದಲ್ಲಿ. ದಾರಿಯಲ್ಲಿ ಸಿಗುವ ಒಂದೇ ಬಂಡೆಯ ನಂದಿಯೂ ಅವರ ಕಾಲದ್ದೇ.

ಹತ್ತುವಾಗ ತಲೆ ಬಗ್ಗಿಸಿಯೇ ಹತ್ತುತ್ತೇವಲ್ಲ, ಹಾಗಾಗಿ ಕಣ್ಣಿಗೆ ಬೀಳುವುದು ಬರೀ ಮೆಟ್ಟಿಲು. ಪ್ರತಿ ಮೆಟ್ಟಿಲ ಮೇಲೂ ಅರಿಶಿನ, ಅದರ ಮೇಲೆ ಕುಂಕುಮ. ನಮ್ಮ ಮುಂದೆ ಒಬ್ಬ ಹೆಂಗಸು ಹರಕೆ ತೀರಿಸುತ್ತಿದ್ದರು. ಬಗ್ಗಿ ಬೆರಳು ಒತ್ತಿ, ಎದ್ದು ಒಂದು ಮೆಟ್ಟಿಲು ಹತ್ತಿ, ಮತ್ತೆ ಬಗ್ಗುವುದು. ಹಿಂದೆ ಅವರ ಮಗ ತಟ್ಟೆ ಹಿಡಿದುಕೊಂಡು ಬರುತ್ತಿದ್ದ. ನಾನು ಮೂವತ್ತು ಮೆಟ್ಟಿಲಿಗೊಮ್ಮೆ ನಿಂತು ಏದುಸಿರು ಬಿಡುತ್ತಿದ್ದೆ. ಅವರು ಎಲ್ಲೂ ನಿಲ್ಲಲಿಲ್ಲ. ನಂದಿಯ ಹತ್ತಿರ ನಾನು ನೀರು ಕುಡಿಯುತ್ತ ಕೂತಿದ್ದಾಗ ದಾಟಿಕೊಂಡು ಹೋದರು. ಮೇಲೆ ಹೋದ ಮೇಲೆ ನೋಡಿದರೆ ಅವರಾಗಲೇ ದರ್ಶನದ ಸಾಲಿನಲ್ಲಿದ್ದರು.

ಸುಸ್ತಾದರೆ ಹೊರಗೆ ಹೋಗೋದು ಹೇಗೆ ಅನ್ನುವ ನನ್ನ ಪ್ರಶ್ನೆಗೆ ಬೆಟ್ಟದಲ್ಲಿ ಉತ್ತರ ಅರ್ಧ ಮಾತ್ರ. ನಂದಿ ಮುಟ್ಟುವವರೆಗೆ ಮೆಟ್ಟಿಲೇ ಗತಿ. ನಂದಿಯ ಹತ್ತಿರ ರಸ್ತೆ ಸಿಗುತ್ತದೆ, ಆದರೆ 2021ರ ಮಳೆಯಲ್ಲಿ ಆ ರಸ್ತೆ ಕುಸಿದಿತ್ತು, ಅದನ್ನೇ ನಂಬಿಕೊಂಡು ಹೋಗಬೇಡಿ. ನನ್ನ ನಿಜವಾದ ತಕರಾರು ಇಳಿಯುವುದರ ಬಗ್ಗೆ. ಹತ್ತುವಾಗ ಎದೆಗೆ ಕಷ್ಟ, ಇಳಿಯುವಾಗ ಮಂಡಿಗೆ. ಪ್ರತಿ ಹೆಜ್ಜೆಗೂ ಮೈಭಾರವೆಲ್ಲ ಮುಂಗಾಲ ಮೇಲೆ ಬೀಳುತ್ತದೆ. ಮೊದಲ ಸಲ ಇಳಿದು ಬಂದು ಎರಡು ದಿನ ಗೋಡೆ ಹಿಡಿದು ಓಡಾಡಿದೆ. ಎರಡನೇ ಸಲದಿಂದ ಹತ್ತುವುದು ಕಾಲಲ್ಲಿ, ಇಳಿಯುವುದು ಬಸ್ಸಲ್ಲಿ. 201 ನಂಬರ್ ಸಿಟಿ ಬಸ್ಸು ನಿಲ್ದಾಣಕ್ಕೆ ತಂದು ಬಿಡುತ್ತದೆ. ಇವರು ಇದನ್ನು ಮೋಸ ಅನ್ನುತ್ತಾರೆ, ಅನ್ನಲಿ. ಆಷಾಢ ಶುಕ್ರವಾರಗಳಲ್ಲಿ ಮಾತ್ರ ವ್ಯಾಯಾಮದ ನೆಪದಲ್ಲಿ ಅತ್ತ ತಲೆಹಾಕಬೇಡಿ, ಆ ಜನದಲ್ಲಿ ಕಾಲಿಡಲೂ ಜಾಗ ಇರುವುದಿಲ್ಲ.

ಯಾರ ಪಾರ್ಟಿಯೂ ಅಲ್ಲದ ಲಿಂಗಾಂಬುಧಿ ಹೇಗೋ ಎಲ್ಲರಿಗೂ ಹಿಡಿಸಿತು. ಕುಕ್ಕರಹಳ್ಳಿಗಿಂತ 36 ವರ್ಷ ದೊಡ್ಡದು, 1828ರದು. ಅದನ್ನೂ ಕಟ್ಟಿಸಿದ್ದು ಮುಮ್ಮಡಿಯವರೇ, ರಾಣಿ ಲಿಂಗಾಜಮ್ಮಣ್ಣಿಯವರ ಹೆಸರಲ್ಲಿ. ಇದನ್ನು ಹೇಳಿದ್ದೇ ತಡ, ಅತ್ತೆ "ನಿಮ್ಮ ಮಾವ ನನ್ನ ಹೆಸರಲ್ಲಿ ಒಂದು ನೀರಿನ ತೊಟ್ಟಿನೂ ಕಟ್ಟಿಸ್ಲಿಲ್ಲ ನೋಡು" ಅಂದರು. ಕೆರೆ ಅರಣ್ಯ ಇಲಾಖೆಯ ಕೈಯಲ್ಲಿದೆ, ಅದಕ್ಕೇ ಪಾರ್ಕಿಗಿಂತ ಕುರುಚಲು ಕಾಡಿನ ಹಾಗಿದೆ. ಜನ ಕಮ್ಮಿ. ನಾಮದ ಕೋಳಿ ಅನ್ನುವ ನೀರುಹಕ್ಕಿಗಳನ್ನು ಮಗಳು ಇಲ್ಲಿಯೇ ಗುರುತು ಹಿಡಿದದ್ದು. ಕಪ್ಪು ಮೈ, ಹಣೆಯ ಮೇಲೆ ಬಿಳಿ ನಾಮ ಎಳೆದ ಹಾಗಿರುತ್ತದೆ. "ಅಜ್ಜಿ, ಅಯ್ಯಂಗಾರ್ ಕೋಳಿ" ಅಂತ ಕೂಗಿದಳು. ಮುಂದೆ ಹೋಗುತ್ತಿದ್ದ ಒಬ್ಬ ತಾತ ತಿರುಗಿ ನೋಡಿದರು, ಅವರ ಹಣೆಯಲ್ಲೂ ನಾಮ! ನಾನು ಮಗಳ ಬಾಯಿ ಮುಚ್ಚುವಷ್ಟರಲ್ಲಿ ಅವರೇ ನಕ್ಕುಬಿಟ್ಟರು.

ಲಿಂಗಾಂಬುಧಿಯ ಕೊರತೆ ಅಂದರೆ ನೆರಳು ಎಲ್ಲ ಕಡೆ ಒಂದೇ ಸಮ ಇಲ್ಲ, ಬೇಸಿಗೆಯಲ್ಲಿ ನೀರು ಇಳಿದಾಗ ಕೆಲವು ಕಡೆ ವಾಸನೆ ಬರುತ್ತದೆ. ಮಳೆ ಬಂದ ಮಾರನೇ ದಿನ ದಾರಿ ಕೆಸರು. ಇಲ್ಲೂ ಅರ್ಧಕ್ಕೆ ಸಿಕ್ಕಿಕೊಳ್ಳುವ ಕಷ್ಟ ಇದ್ದೇ ಇದೆ, ಕೆರೆ ಅಂದ ಮೇಲೆ ದುಂಡಗೇ ಅಲ್ವಾ. ಅದಕ್ಕೆ ಅತ್ತೆಯೇ ದಾರಿ ಕಂಡುಕೊಂಡರು. ಗೇಟಿನಿಂದ ಹತ್ತು ನಿಮಿಷ ನಡೆಯುವುದು, ಗಡಿಯಾರ ನೋಡಿ ತಿರುಗುವುದು. ನಾವು ಪೂರ್ತಿ ಸುತ್ತಿ ಬರುವಷ್ಟರಲ್ಲಿ ಅವರು ಗೇಟಿನ ಹತ್ತಿರ ಆ ನಾಮದ ತಾತನ ಮನೆಯವರ ಜೊತೆ ಪುಳಿಯೋಗರೆ ಗೊಜ್ಜಿಗೆ ಎಳ್ಳು ಎಷ್ಟು ಹಾಕಬೇಕು ಅಂತ ಮಾತಾಡುತ್ತಿರುತ್ತಾರೆ.

ಈಗ ನಮ್ಮ ವಾರ ಹೀಗೆ ನಡೆಯುತ್ತಿದೆ: ನಾನೊಬ್ಬಳೇ ಆದರೆ ಕುಕ್ಕರಹಳ್ಳಿ, ಅತ್ತೆ ಜೊತೆಗಿದ್ದರೆ ಲಿಂಗಾಂಬುಧಿ, ನೆಂಟರು ಬಂದರೆ ಕಾರಂಜಿ. ಬೆಟ್ಟಕ್ಕೆ ತಿಂಗಳಿಗೊಂದು ಭಾನುವಾರ, ಇವರ ಸಮಾಧಾನಕ್ಕೆ. ಮಗಳು ಮೆಟ್ಟಿಲು ಎಣಿಸುವುದನ್ನು ಬಿಟ್ಟಿಲ್ಲ. ಕಳೆದ ಸಲ 612ರವರೆಗೆ ಬಂದಿದ್ದಳು, ಇವರು "ಆಯ್ತಾ ಎಣಿಸಿದ್ದು?" ಅಂತ ಕೇಳಿ ಕೆಡಿಸಿದರು.