ಲಾರಿ ಹತ್ತಿಸುವ ರ‍್ಯಾಂಪ್ ಕಿಟ್ (ಎಚ್‌ಒ ಅಳತೆ): ಮಂಗಳೂರಿನ ಮಳೆಗಾಲಗಳಲ್ಲಿ ಬಳಸಿದ ಮೇಲೆ

ಮಾದರಿ ರೈಲಿನಲ್ಲಿ ರೋರೋ (ಲಾರಿಗಳನ್ನೇ ರೈಲಿನ ಮೇಲೆ ಹತ್ತಿಸಿ ಸಾಗಿಸುವುದು) ಲೋಡಿಂಗ್ ಜಾಗ ಮಾಡಬೇಕು ಅನ್ನುವವರಿಗಾಗಿ ಇದನ್ನು ಬರೆಯುತ್ತಿದ್ದೇನೆ. ಇದು ಲೇಸರ್‌ನಲ್ಲಿ ಕತ್ತರಿಸಿದ ಎಂಡಿಎಫ್ (ಮರದ ನಾರು ಒತ್ತಿ ಮಾಡಿದ ಹಲಗೆ) ಕಿಟ್, ಎಚ್‌ಒ ಅಂದರೆ 1:87 ಅಳತೆಯದ್ದು, ನಿಜವಾದದ್ದರ 87ರಲ್ಲಿ ಒಂದು ಪಾಲು. 2022ರಲ್ಲಿ ಕೊರಿಯರ್‌ನಲ್ಲಿ ತರಿಸಿದೆ. ಸಾವಿರ ರೂಪಾಯಿಯೊಳಗೆ ಬಂತು. ಅಂದಿನಿಂದ ನಮ್ಮ ಮಹಡಿಯ ಕೋಣೆಯಲ್ಲಿ ಉಂಟು. ಆಕಾರಕ್ಕೆ ಪೂರ್ತಿ ಅಂಕ ಕೊಡುತ್ತೇನೆ. ಆದರೆ ಕರಾವಳಿಯ ಹವೆಗೆ ಇದನ್ನು ಹಾಗೆಯೇ ಇಡಬೇಡಿ.

ಕಿಟ್ ಅಮೆರಿಕದ ಪದ್ಧತಿಯದ್ದು. ಅಲ್ಲಿ ಬರೀ ಟ್ರೈಲರ್ ಅನ್ನು ರೈಲಿನ ತುದಿಯಿಂದ ಹಿಮ್ಮುಖವಾಗಿ ಹತ್ತಿಸಿ, ಎಳೆಯುವ ಗಾಡಿ ಕೆಳಗಿಳಿದು ಬರುತ್ತಿತ್ತು. 85 ಅಡಿಯ ಒಂದು ವ್ಯಾಗನ್ ಮೇಲೆ 40 ಅಡಿಯ ಎರಡು ಟ್ರೈಲರ್. ನಮ್ಮ ಕೊಂಕಣ ರೈಲ್ವೆಯ ರೋರೋ ಬೇರೆ. 1999ರಲ್ಲಿ ಮಹಾರಾಷ್ಟ್ರದ ಕೋಲಾಡ್ ಮತ್ತು ಗೋವಾದ ವೆರ್ಣಾ ನಡುವೆ ಶುರುವಾಗಿ, ಆಮೇಲೆ ಸುರತ್ಕಲ್‌ಗೂ ಬಂತು. ಇಲ್ಲಿ ಇಡೀ ಲಾರಿ ತನ್ನದೇ ಎಂಜಿನ್‌ನಲ್ಲಿ ಹತ್ತುತ್ತದೆ, ಡ್ರೈವರ್, ಕ್ಲೀನರ್ ಕೂಡ ಅದರಲ್ಲೇ ಪ್ರಯಾಣ ಮಾಡುತ್ತಾರೆ. ಆದರೂ ರ‍್ಯಾಂಪ್‌ನ ಕೆಲಸ ಒಂದೇ ಅಲ್ವಾ? ತುದಿಯಿಂದ ಹತ್ತುವುದು, ಒಂದು ವ್ಯಾಗನ್‌ನಿಂದ ಇನ್ನೊಂದಕ್ಕೆ ದಾಟುತ್ತಾ ಹೋಗುವುದು. ಹಾಗಾಗಿ ಸುರತ್ಕಲ್ ಮಾದರಿಗೂ ಇದು ಹೊಂದುತ್ತದೆ.

ಎಲ್ಲಕ್ಕಿಂತ ಮುಖ್ಯ ಎತ್ತರ. ನನ್ನ ವ್ಯಾಗನ್‌ನ ಹಾಸು ಹಳಿಯ ಮೇಲ್ಮೈಯಿಂದ 12 ಮಿಲಿಮೀಟರ್ ಮೇಲಿದೆ. ಹಳಿ, ಸ್ಲೀಪರ್ ಸೇರಿ ಸುಮಾರು 5, ಅದರ ಕೆಳಗೆ ಹಾಸಿದ ಕಾರ್ಕ್ ಪಟ್ಟಿ 3. ಅಂದರೆ ಎಲ್ಲಕ್ಕೂ ಅಡಿಯಲ್ಲಿರುವ ಹಲಗೆಯಿಂದ ಅಳೆದರೆ 20. ಕಿಟ್‌ನ ರ‍್ಯಾಂಪ್ 17 ಮಾತ್ರ. ಆದರೆ ಅಡಿಗೆ ಕೊಡಲು 1 ಮಿಲಿಮೀಟರ್‌ನ ಮೂರು ಪಟ್ಟಿ ಜೊತೆಗೇ ಬರುತ್ತವೆ. ಮೂರನ್ನೂ ಇಟ್ಟಾಗ ಸರಿಯಾಗಿ ಕೂತಿತು. ಇಳಿಜಾರು 21 ಸೆಂಟಿಮೀಟರ್ ಉದ್ದ ಇರುವುದರಿಂದ ಹತ್ತಕ್ಕೆ ಒಂದರಷ್ಟು ಏರು ಬರುತ್ತದೆ. ಏರು ಮುಗಿದಲ್ಲಿ ಚಿಕ್ಕದೊಂದು ಸಮತಟ್ಟು ಭಾಗ ಬಿಟ್ಟಿದ್ದಾರೆ. ಇದು ತುಂಬಾ ಒಳ್ಳೆಯ ಕೆಲಸ.  ಎದುರಿನ ಗೋಡೆಯಲ್ಲಿ ಕಪ್ಲರ್ (ವ್ಯಾಗನ್‌ಗಳನ್ನು ಜೋಡಿಸುವ ಕೊಂಡಿ) ಒಳಗೆ ಹೋಗಲು ಕಂಡಿಯೂ ಇದೆ. ಅದರಿಂದಾಗಿ ವ್ಯಾಗನ್‌ನ ಹಾಸು ರ‍್ಯಾಂಪ್‌ನ ಅಂಚಿಗೆ ಹತ್ತಿರವೇ ಬಂದು ನಿಲ್ಲುತ್ತದೆ. ಕಾರ್ಡ್‌ಬೋರ್ಡ್‌ನಲ್ಲಿ ಸ್ವಂತ ಮಾಡುವವರು ಸಾಮಾನ್ಯವಾಗಿ ಇದನ್ನೇ ಬಿಟ್ಟುಬಿಡುತ್ತಾರೆ.

ಇನ್ನು ಮಳೆಗಾಲದ ವಿಷಯ. ಜೂನ್ ಕಳೆಯುವಷ್ಟರಲ್ಲಿ ಎಂಡಿಎಫ್ ನೀರಿನ ಅಂಶ ಹೀರಿ ಉಬ್ಬಿತು. ರ‍್ಯಾಂಪ್‌ನ ಮೇಲಿನ ಹಾಸು, ಅಡಿಯ ಹಾಸು ಎರಡೂ ಸೇರಿ ಅರ್ಧ ಮಿಲಿಮೀಟರ್ ಎತ್ತರವಾದವು. ಅರ್ಧ ಮಿಲಿಮೀಟರ್ ಏನು ಮಹಾ ಅನ್ನಿಸಬಹುದು. ಆದರೆ 87ರಿಂದ ಗುಣಿಸಿದರೆ ನಾಲ್ಕು ಸೆಂಟಿಮೀಟರ್‌ಗಿಂತ ಜಾಸ್ತಿ! ಲಾರಿ ಮುಂದೆ ಒಂದು ಮೆಟ್ಟಿಲೇ ಎದ್ದಂತೆ. ತಯಾರಕರ ಸೂಚನಾ ಹಾಳೆಯಲ್ಲಿ ಇದರ ಬಗ್ಗೆ ಒಂದು ಸಾಲೂ ಇರಲಿಲ್ಲ. ಸಮುದ್ರದ ಪಕ್ಕದ ಊರಿಗೆ ಕಳಿಸುವಾಗ ಹೇಳಬೇಕಿತ್ತು. ಫೋನ್ ಮಾಡಿದಾಗ ಮಾತ್ರ ತಕರಾರಿಲ್ಲದೆ ಹೊಸ ಹಾಸುಗಳನ್ನು ಕಳಿಸಿಕೊಟ್ಟರು. ಅವಕ್ಕೆ ಅಂಟಿಸುವ ಮೊದಲೇ ಎಲ್ಲ ಬದಿಗೂ ವುಡ್ ಸೀಲರ್ ಹಚ್ಚಿದೆ. ಕತ್ತರಿಸಿದ ಅಂಚುಗಳಿಗೆ ಎರಡು ಕೈ ಜಾಸ್ತಿ, ಯಾಕೆಂದರೆ ನೀರು ಕುಡಿಯುವುದು ಅಲ್ಲೇ. ಆಮೇಲಿನ ಮಳೆಗಾಲಗಳಲ್ಲಿ ಅಳತೆ ಬದಲಾಗಲಿಲ್ಲ. ಉಡುಪಿ, ಮುಲ್ಕಿ, ಕುಂದಾಪುರ ಕಡೆಯವರು ಈ ಕೆಲಸ ಮಾಡದೆ ಜೋಡಿಸಲೇ ಬೇಡಿ.

ವ್ಯಾಗನ್‌ಗಳ ನಡುವೆ ದಾಟಲು ಕೊಟ್ಟ ಹಲಗೆಗಳು ನನಗೆ ಹಿಡಿಸಲಿಲ್ಲ. 1 ಮಿಲಿಮೀಟರ್ ದಪ್ಪ ಇವೆ, ಸಣ್ಣ ಚಕ್ರಗಳು ಅಲ್ಲೇ ತಡೆದು ನಿಲ್ಲುತ್ತವೆ. ಕಾಲು ಮಿಲಿಮೀಟರ್‌ನ ಹಿತ್ತಾಳೆ ತಗಡು ಹಾಕಿದ ಮೇಲೆ ಸರಾಗವಾಯಿತು. ತಗಡನ್ನು ಒಂದು ವ್ಯಾಗನ್‌ಗೆ ಮಾತ್ರ ಕೂರಿಸಿ, ಇನ್ನೊಂದು ತುದಿ ಸುಮ್ನೆ ಮೇಲೆ ಮಲಗಿರಲಿ. ಎರಡೂ ಕಡೆ ಬಿಗಿದರೆ ತಿರುವಿನಲ್ಲಿ ವ್ಯಾಗನ್ ಹಳಿ ತಪ್ಪುತ್ತದೆ.

ಪಕ್ಕದ ಮನೆಯ ಅಣ್ಣ ಲಾರಿ ಡ್ರೈವರ್, ರೋರೋದಲ್ಲಿ ಹೋಗಿ ಬಂದವರು. ಒಮ್ಮೆ ನೋಡಿ, "ಎಲ್ಲ ಸರಿ ಉಂಟು ಮಾರಾಯ, ಚಕ್ರಕ್ಕೆ ಅಡ್ಡ ಕೊಡುವ ಮರ ಎಲ್ಲಿ? ಸರಪಳಿ ಎಲ್ಲಿ?" ಅಂದರು. ಅವರ ಮಾತು ನಿಜ, ಕಿಟ್‌ನಲ್ಲಿ ಅವೆರಡೂ ಇಲ್ಲ. ಬೆಂಕಿಕಡ್ಡಿ ಸೀಳಿ ಮರದ ತುಂಡು ಮಾಡಬಹುದು. ಸರಪಳಿಗೆ ಫ್ಯಾನ್ಸಿ ಅಂಗಡಿಯ ಅತಿ ಸಣ್ಣ ಚೈನ್ ಸಾಕು, ಕಪ್ಪು ಬಣ್ಣ ಹಚ್ಚಿ.

ಲಾರಿ ಕೊಳ್ಳುವಾಗ ಒಂದು ಎಚ್ಚರ. ಆಟಿಕೆ ಅಂಗಡಿಯ ಲಾರಿಗಳು ಈ ಅಳತೆಗೆ ತುಂಬಾ ದೊಡ್ಡವು. 1:87 ಎಂದು ಬರೆದದ್ದನ್ನೇ ಕೇಳಿ ತೆಗೆದುಕೊಳ್ಳಿ. ರ‍್ಯಾಂಪ್‌ನ ಅಗಲ 36 ಮಿಲಿಮೀಟರ್, ಸರಿಯಾದ ಅಳತೆಯ ಲಾರಿಗೆ ಎರಡೂ ಬದಿಯಲ್ಲಿ ಸ್ವಲ್ಪ ಜಾಗ ಉಳಿಯುತ್ತದೆ. ಐದರಲ್ಲಿ ನಾಲ್ಕು ನಕ್ಷತ್ರ ಕೊಟ್ಟಿದ್ದೇನೆ. ಆ ಹಲಗೆಗಳನ್ನು ತಗಡಿನಲ್ಲಿ ಮಾಡಿ, ಸೀಲರ್ ಬಗ್ಗೆ ಹಾಳೆಯಲ್ಲಿ ಬರೆದರೆ ಐದನೆಯದನ್ನೂ ಕೊಡುತ್ತೇನೆ ಎಂದು ತಯಾರಕರಿಗೂ ತಿಳಿಸಿದ್ದೇನೆ.