ವಿನೆಗರ್ ಮೊಟ್ಟೆ: ಮೂರು ಜಾಡಿ ಹಾಕಿದೆ, ಮತ್ತೆ ಹಾಕುವುದು ಒಂದನ್ನೇ

ಬೇಯಿಸಿ ಸುಲಿದ ಮೊಟ್ಟೆಯನ್ನು ಉಪ್ಪಿನಕಾಯಿಯಂತೆ ವಿನೆಗರ್‌ನಲ್ಲಿ ಹಾಕಿಡಲು ಯಾವ ವಿನೆಗರ್ ಒಳ್ಳೆಯದು? ಮೊದಲೇ ಹೇಳಿಬಿಡುತ್ತೇನೆ, ಗೆದ್ದದ್ದು ಬಿಳಿ ವಿನೆಗರ್. ಅಂಗಡಿಯ ತೀರಾ ಕೆಳಗಿನ ಸಾಲಿನಲ್ಲಿ ಧೂಳು ಹಿಡಿದು ಕೂತಿರುತ್ತದಲ್ಲ, ಆ ಅಗ್ಗದ ಬಾಟಲಿ. ಇದು ಗೊತ್ತಾಗುವ ಮುಂಚೆ ಅದರ ನಾಲ್ಕು ಪಟ್ಟು ಬೆಲೆ ಕೊಟ್ಟು ಆಪಲ್ ಸೈಡರ್ ವಿನೆಗರ್ ತಂದಿದ್ದೆ, ತಳದಲ್ಲಿ ಗಸಿ ಇರುವ, ಸೋಸದ ಬಗೆಯದು. ಒಂದೇ ಜಾಡಿಗೆ ಬಾಟಲಿಯ ಮುಕ್ಕಾಲು ಪಾಲು ಖಾಲಿ. ಆ ಹೊಟ್ಟೆಯುರಿಗೇ ಎರಡನ್ನೂ ಪಕ್ಕಪಕ್ಕ ಇಟ್ಟು ನೋಡಿದೆ. ಜೊತೆಗೆ ಮೂರನೆಯದೊಂದು: ವಿನೆಗರ್‌ನಲ್ಲಿ ಹಾಕಿದ ಸೌತೆಕಾಯಿ ತಿಂದು ಮುಗಿದ ಮೇಲೆ ಜಾಡಿಯಲ್ಲಿ ಉಳಿದಿದ್ದ ರಸ.

ಮೊದಲೆರಡು ಜಾಡಿಗೂ ಒಂದೇ ಲೆಕ್ಕ. ಲೀಟರ್ ಜಾಡಿಗೆ ಮಧ್ಯಮ ಗಾತ್ರದ 12 ಮೊಟ್ಟೆ. ಒಂದೂವರೆ ಕಪ್ ವಿನೆಗರ್‌ಗೆ ಅರ್ಧ ಕಪ್ ನೀರು, ಉಪ್ಪು, ಕಾಳುಮೆಣಸು, ಸಾಸಿವೆ, ಬೆಳ್ಳುಳ್ಳಿ. ಐದು ನಿಮಿಷ ಕುದಿಸಿ ಬಿಸಿಯಾಗಿಯೇ ಸುರಿಯುವುದು. ಮೊಟ್ಟೆ ಮುಳುಗದಿದ್ದರೆ ಇದೇ ಅಳತೆಯಲ್ಲಿ ಇನ್ನಷ್ಟು ಕುದಿಸಬೇಕು, ಬರೀ ನೀರು ಸೇರಿಸಬಾರದು. ವಿನೆಗರ್ ಯಾವುದಾದರೂ ಸರಿ, ಚೀಟಿಯ ಮೇಲೆ 5% ಆಮ್ಲ ಅಂತ ಇರಲೇಬೇಕು.

ಇನ್ನು ನನಗೆ ಅಳು ಬರಿಸಿದ ವಿಷಯ: ಸಿಪ್ಪೆ. ತಾಜಾ ಇದ್ದಷ್ಟೂ ಒಳ್ಳೆಯದು ಅಂದುಕೊಂಡು ಹಿಂದಿನ ದಿನವಷ್ಟೇ ಬಂದಿದ್ದ ಮೊಟ್ಟೆ ಬೇಯಿಸಿದೆ. ಸಿಪ್ಪೆಯ ಜೊತೆ ಬಿಳಿಭಾಗವೂ ಚಕ್ಕೆ ಚಕ್ಕೆಯಾಗಿ ಕಿತ್ತು ಬಂತು. ಹನ್ನೆರಡು ಸುಲಿಯಲು ಮುಕ್ಕಾಲು ಗಂಟೆ. ಕೊನೆಗೆ ತಟ್ಟೆ ನೋಡಿದರೆ ಇಲಿ ಕಡಿದು ಬಿಟ್ಟಂತಿತ್ತು. ಆಗಲಿ, ಒಳಗೆ ಮುಳುಗಿದರೆ ಯಾರಿಗೆ ಕಾಣುತ್ತದೆ ಅಂತ ಹಾಗೇ ಹಾಕಿದೆ. ತಪ್ಪಾಯಿತು. ನಾಲ್ಕನೇ ದಿನಕ್ಕೆ ರಸ ಕದಡಿ, ತಳದಲ್ಲಿ ಬಿಳಿ ಚೂರುಗಳು ಒಡೆದ ಹಾಲಿನಂತೆ ಕೂತಿದ್ದವು. ಗುಂಡಿ ಬಿದ್ದ ಕಡೆಯಿಂದ ಹುಳಿ ನೇರ ಹಳದಿಗೇ ಇಳಿದು, ಕಚ್ಚಿದರೆ ಸೀಮೆಸುಣ್ಣ ತಿಂದ ಹಾಗೆ. ಇಡೀ ಜಾಡಿ ಚೆಲ್ಲಿದೆ.

ಕಾರಣ ಆಮೇಲೆ ತಿಳಿಯಿತು. ಹೊಸ ಮೊಟ್ಟೆಯ ಬಿಳಿಭಾಗದ ಪಿಎಚ್ (ಹುಳಿ, ಕ್ಷಾರದ ಅಳತೆ) ಸುಮಾರು 7.6. ದಿನ ಕಳೆದಂತೆ ಸಿಪ್ಪೆಯ ಸಣ್ಣ ರಂಧ್ರಗಳಿಂದ ಇಂಗಾಲದ ಡೈಆಕ್ಸೈಡ್ ಹೊರಹೋಗಿ ಅದು 9 ದಾಟುತ್ತದೆ. ಅಲ್ಲಿಯವರೆಗೆ ಒಳಪೊರೆ ಬಿಳಿಭಾಗವನ್ನು ಬಿಡುವುದೇ ಇಲ್ಲ. ಈಗ ಮೊಟ್ಟೆಯನ್ನು ಫ್ರಿಜ್‌ನಲ್ಲಿ ಹತ್ತು ದಿನ ಮರೆತುಬಿಡುತ್ತೇನೆ. ತಣ್ಣೀರಿನಲ್ಲಿಟ್ಟು ಬೇಯಿಸುವುದು ಬಿಟ್ಟು, ಕುದಿಯುವ ನೀರಿಗೇ ಇಳಿಸಿ 12 ನಿಮಿಷ, ಆಮೇಲೆ ಐಸ್ ನೀರು. ಅಗಲ ತುದಿಯಲ್ಲಿ ಗಾಳಿಗುಳ್ಳೆ ಇರುತ್ತದೆ, ಅಲ್ಲಿ ಒಡೆದು ಹೆಬ್ಬೆರಳು ಪೊರೆಯ ಕೆಳಗೆ ಹೋಯಿತೆಂದರೆ ಟೋಪಿ ತೆಗೆದಂತೆ ಬರುತ್ತದೆ. ಮುಂದಿನ ಹನ್ನೆರಡರಲ್ಲಿ ಒಂದಕ್ಕೆ ಮಾತ್ರ ಗಾಯ. ಅದನ್ನು ನಿಂತಲ್ಲೇ ತಿಂದೆ. ಕೆಳಗೆ ಬರೆದಿರುವುದೆಲ್ಲ ಈ ಎರಡನೇ ಸುತ್ತಿನದು.

ಸೌತೆಕಾಯಿ ರಸದ ಬಗ್ಗೆ ಒಂದೇ ಮಾತು: ಪುಕ್ಕಟೆ, ಆದರೆ ಸಪ್ಪೆ. ಸೌತೆ ಆಗಲೇ ಹುಳಿ ಹೀರಿಕೊಂಡು ತನ್ನ ನೀರು ಬಿಟ್ಟಿರುತ್ತದೆ. ಆರು ಮೊಟ್ಟೆ ಹಾಕಿ ಆ ವಾರವೇ ಮುಗಿಸಿದೆ. ತಿಂಗಳುಗಟ್ಟಲೆ ಇಡಲು ಅದರ ಮೇಲೆ ನಂಬಿಕೆ ಇಲ್ಲ.

ಸೈಡರ್ ಜಾಡಿ ಮೂರು ವಾರಕ್ಕೆ ತೆಗೆದಾಗ ಮೊಟ್ಟೆ ಟೀ ಕಲೆ ಹತ್ತಿದ ಬಣ್ಣ. ರುಚಿ ಕೆಟ್ಟದ್ದೇನಲ್ಲ, ಮೆದು, ಹಿಂದೆ ಸ್ವಲ್ಪ ಸಿಹಿ. ಆದರೆ ಕಾಳುಮೆಣಸು, ಸಾಸಿವೆ ಎರಡೂ ಆ ಹಣ್ಣಿನ ವಾಸನೆಯಲ್ಲಿ ಹೂತುಹೋಗಿದ್ದವು. ಬೀಟ್‌ರೂಟ್ ಹಾಕುವವರಿಗೆ ಇದೇ ಸರಿಹೊಂದಬಹುದು. ಬಿಳಿಯದರಲ್ಲಿ ಮೊಟ್ಟೆ ಬಿಳಿಯಾಗೇ ಇತ್ತು. ಮೊದಲು ಚುರುಕ್ಕನೆ ಹುಳಿ, ಹಿಂದೆಯೇ ಮೆಣಸಿನ ಖಾರ. ಬೆಳ್ಳುಳ್ಳಿ ಮಾತ್ರ ಐದನೇ ದಿನ ನೀಲಿಗೆ ತಿರುಗಿ, ಮನೆಯಲ್ಲಿ "ಇದನ್ನೂ ತಿಂತೀರಾ?" ಅನ್ನಿಸಿಕೊಂಡೆ. ಬೆಳ್ಳುಳ್ಳಿಯ ಗಂಧಕದ ಅಂಶಕ್ಕೆ ಹುಳಿ ತಾಗಿ ಬರುವ ಬಣ್ಣ ಅದು, ಕೆಟ್ಟಿದೆ ಅಂತಲ್ಲ.

ಬೇಗ ಹುಳಿ ಹಿಡಿಯಲಿ ಅಂತ ಕಡ್ಡಿಯಿಂದ ಚುಚ್ಚುವ ಉಪಾಯ ಹೇಳುವವರಿದ್ದಾರೆ. ಬೇಡ. 1997ರಲ್ಲಿ ಅಮೆರಿಕದ ಇಲಿನಾಯ್‌ನಲ್ಲಿ ಒಬ್ಬರು ಹೀಗೇ ಚುಚ್ಚಿ, ಜಾಡಿಯನ್ನು ಹೊರಗೇ ಇಟ್ಟು, ತಿಂದು ಬಾಟುಲಿಸಂ (ನರಗಳನ್ನು ಕುಂದಿಸುವ ಆಹಾರವಿಷ) ಬಂದು ಆಸ್ಪತ್ರೆ ಸೇರಿದ ಪ್ರಕರಣ ದಾಖಲಾಗಿದೆ. ಚುಚ್ಚಿದ ತೂತಿನಿಂದ ರೋಗಾಣು ಹಳದಿಯೊಳಗೆ ಸೇರಿದರೆ, ಅಲ್ಲಿ ಗಾಳಿಯಿಲ್ಲ, ಅದಕ್ಕೆ ಬೇಕಾದ್ದೂ ಅದೇ, ಹುಳಿ ತಲುಪುವುದೂ ತಡ. ಚುಚ್ಚದಿದ್ದರೂ ಜಾಡಿ ಇರಬೇಕಾದ್ದು ಫ್ರಿಜ್‌ನಲ್ಲೇ. ಮಧ್ಯಮ ಗಾತ್ರದ್ದಕ್ಕೆ ಎರಡರಿಂದ ನಾಲ್ಕು ವಾರ ತಾಳ್ಮೆ ಬೇಕು, ಮೂರ್ನಾಲ್ಕು ತಿಂಗಳೊಳಗೆ ತಿಂದು ಮುಗಿಸಬೇಕು.

ನಮ್ಮಲ್ಲಿ ತಿನ್ನುವವನು ನಾನೊಬ್ಬನೇ, ಅದೂ ರಾತ್ರಿ ಹನ್ನೊಂದಕ್ಕೆ ಫ್ರಿಜ್ ಬಾಗಿಲು ಹಿಡಿದು ನಿಂತು. ಹನ್ನೆರಡು ಮೊಟ್ಟೆ ಒಂದು ತಿಂಗಳಿಗೆ ಸಾಕು. ಖಾಲಿಯಾದಾಗ ರಸ ಚೆಲ್ಲಬೇಕು, ಅಗ್ಗದ್ದಾದರೆ ಕೈ ನಡುಗುವುದಿಲ್ಲ. ಬಾಟಲಿಯಲ್ಲಿ ಮಿಕ್ಕಿದ್ದು ಕೆಟಲ್‌ನ ಬಿಳಿ ಕಲೆ ತೆಗೆಯಲೂ ಆಯಿತು. ಸೈಡರ್ ಬಾಟಲಿಯ ತಳದಲ್ಲಿ ಇನ್ನೂ ನಾಲ್ಕು ಬೆರಳು ಉಳಿದಿದೆ, ಗಸಿ ಸಮೇತ. ಸಲಾಡ್‌ಗೆ ಚಮಚ ಚಮಚವಾಗಿ ಹೋಗುತ್ತಿದೆ.