ಬಿಲ್ಲುಬೇಟೆ ಸೀಸನ್‌ಗೆ ಕ್ರಾಸ್‌ಬೋ: ಎಲ್ಲರಿಗೂ, ಕೊನೆಯ ವಾರಗಳಿಗೆ, ಇಲ್ಲವೇ ಅಂಗವಿಕಲರಿಗಷ್ಟೇ?

ಕ್ರಾಸ್‌ಬೋ ಎಂದರೆ ಕೋವಿಯಂತೆ ಭುಜಕ್ಕೆ ಆನಿಸಿ, ಕುದುರೆ ಎಳೆದು ಬಾಣ ಬಿಡುವ ಅಡ್ಡಬಿಲ್ಲು. ಬಿಲ್ಲಿನಿಂದ ಜಿಂಕೆ ಬೇಟೆಯಾಡುವ ಅವಧಿಯಲ್ಲಿ ಅದನ್ನು ಯಾರಿಗೆ ಬಿಡಬೇಕು ಎಂಬುದು ಅಮೆರಿಕದಲ್ಲಿ ಆಯಾ ರಾಜ್ಯದ ತೀರ್ಮಾನ. ವಿಸ್ಕಾನ್ಸಿನ್ 2014ರಲ್ಲಿ ಎಲ್ಲರಿಗೂ ಬಿಟ್ಟಿತು.

ಕೈಯಲ್ಲಿ ಎಳೆದು ಹಿಡಿಯುವ ಬಿಲ್ಲಿಗೂ ಇದಕ್ಕೂ ಮುಖ್ಯ ವ್ಯತ್ಯಾಸ ತೋಳಿನ ಶ್ರಮದ್ದು. ಎಳೆಯಲು 60 ಪೌಂಡ್ ಬಲ ಬೇಕಾದ ಕಾಂಪೌಂಡ್ ಬಿಲ್ಲಿಗೆ (ರಾಟೆಗಳಿರುವ ಆಧುನಿಕ ಬಿಲ್ಲು) 80% ಲೆಟ್‌ಆಫ್ ಇದ್ದರೂ, ಅಂದರೆ ಪೂರ್ತಿ ಎಳೆದ ಮೇಲೆ ಭಾರ ಅಷ್ಟು ಇಳಿದರೂ, 12 ಪೌಂಡ್ ಹಿಡಿದೇ ನಿಲ್ಲಬೇಕು. ಜಿಂಕೆ ಮರದ ಮರೆಯಲ್ಲೇ ನಿಂತುಬಿಟ್ಟರೆ ಕೈ ನಡುಗುತ್ತದೆ. ಕ್ರಾಸ್‌ಬೋದಲ್ಲಿ ಎಳೆದ ಹೆದೆಯನ್ನು ಲಾಚ್ ಎಂಬ ಕೊಕ್ಕೆ ಹಿಡಿದಿರುತ್ತದೆ. ಹೀಗಾಗಿ ಭುಜ ಕೆಟ್ಟವರಿಗೆ, ಹೊಸಬರಿಗೆ ಇದೇ ವಾಸಿ. ಭುಜ ಕೆಟ್ಟವರನ್ನೂ ಹೊರಗಿಡುವ ನಿಯಮ ನನಗೆ ಸರಿಕಾಣದು.

ದೂರದ ಅನುಕೂಲ ಹೇಳುವಷ್ಟಿಲ್ಲ. ಬಾಣ ಎಷ್ಟೇ ವೇಗವಾಗಿ ಹೋದರೂ ಸದ್ದು ಅದಕ್ಕಿಂತ ಮೊದಲೇ ತಲುಪುತ್ತದೆ, ಜಿಂಕೆ ಕುಸಿದು ತಪ್ಪಿಸಿಕೊಳ್ಳುತ್ತದೆ. 40 ಗಜದೊಳಗೇ ಇರುವುದು ಒಳ್ಳೆಯದು. ಎರಡನೇ ಬಾಣಕ್ಕೆ ಕಾಂಪೌಂಡೇ ಚುರುಕು.

ಸುರಕ್ಷತೆ ಕಲಿಸಲೇಬೇಕು: ಹೆಬ್ಬೆರಳು ಹಳಿಯ (ಹೆದೆ ಜಾರುವ ಪಟ್ಟಿ) ಮೇಲಿದ್ದರೆ ಹೆದೆ ಅದನ್ನು ಕತ್ತರಿಸುತ್ತದೆ, ಹೆದೆ ಏರಿಸುವ ಹಗ್ಗವನ್ನು ಓರೆಯಾಗಿ ಎಳೆದರೆ ಗುರಿ ಪಕ್ಕಕ್ಕೆ ಹೋಗುತ್ತದೆ, ಬಾಣವಿಲ್ಲದೆ ಬಿಟ್ಟರೆ ಬಿಲ್ಲಿನ ಬಾಗುವ ತೋಳುಗಳು ಒಡೆಯಬಹುದು.

ಜಿಂಕೆ ಹೆಚ್ಚಾಗಿ, ಬೇಟೆಗಾರರು ಕಡಿಮೆಯಾಗುತ್ತಿರುವಲ್ಲಿ ಪೂರ್ತಿ ಸೀಸನ್ ಬಿಡಲಿ. ಸಾರ್ವಜನಿಕ ಕಾಡಿನಲ್ಲಿ ಈಗಾಗಲೇ ನೂಕುನುಗ್ಗಲಿದ್ದರೆ ಕೊನೆಯ ವಾರಗಳು ಸಾಕು. ಜಿಂಕೆ ವಿರಳವಾದಲ್ಲಿ ವೈದ್ಯರ ಪತ್ರವಿದ್ದವರಿಗಷ್ಟೇ ಪರವಾನಗಿ.